ಗುಂಡಿ ತರುವ ದಾರಿ

ಚಳಿ ಪೂರ್ತಿ ಹೋಗಿರಲಿಲ್ಲ, ಬಿಸಿಲಿಗೆ ಇನ್ನೂ ಕಾವು ಬಂದಿರಲಿಲ್ಲ. ಬೆಳಗಿನ ಹೊತ್ತು, ಅಂಗಡಿಗಳು ಒಂದೊಂದಾಗಿ ಬಾಗಿಲು ತೆಗೆಯುವ ವೇಳೆ. ಇದು ಶುರುವಾದದ್ದು ಆಗ, ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಒಬ್ಬ ಎಳೆ ವಯಸ್ಸಿನ ನರ್ಸು ಟೈಲರ್ ಮಾಸ್ಟರ ಸೊಂಟಕ್ಕೆ ಟೇಪು ಸುತ್ತಿದಾಗ. ಟೇಪು ಬೆನ್ನ ಹಿಂದೆ ತಿರುಚಿಕೊಂಡಿತ್ತು. ನೋಡದೆಯೇ ಅವನಿಗೆ ಗೊತ್ತಾಯಿತು; ಅಂಗಿಯ ಮೇಲಿಂದಲೇ ಅದರ ಅಂಚು ಒತ್ತುತ್ತಿತ್ತು. ಒಂದು ಮಾತು ಹೇಳಿದ್ದರೆ ಸರಿ ಮಾಡುತ್ತಿದ್ದಳು. ಆದರೆ ಎರಡೂ ಕೈ ಪಕ್ಕಕ್ಕೆತ್ತಿ ಹೊಲದ ಬೆದರುಗೊಂಬೆಯ ಹಾಗೆ ನಿಂತವನಿಗೆ ಮಾತು ಹೊರಡಲಿಲ್ಲ. ಇಷ್ಟು ವರ್ಷ ಟೇಪು ಹಿಡಿದವನು ಅವನು. ಹೀಗೆ ಕೈ ಎತ್ತಿ ನಿಂತವರು ಬೇರೆಯವರು. ಟೇಪು ತಾಗಿದ ಕೂಡಲೆ ಉಸಿರು ಮೇಲಕ್ಕೆಳೆದು ಹೊಟ್ಟೆಯನ್ನು ಬೆನ್ನಿಗಂಟಿಸಿಕೊಳ್ಳದ ಗಂಡಸನ್ನು ಅವನು ಕಂಡಿರಲಿಲ್ಲ. ಹಾಗೆ ಅಂದುಕೊಳ್ಳುತ್ತಲೇ ತನ್ನ ಹೊಟ್ಟೆಯೂ ಒಳಗೆ ಹೋಗಿರುವುದು ತಿಳಿದು ಕಿವಿ ಬಿಸಿಯಾಯಿತು. ಅಣ್ಣ ಇದಕ್ಕೊಂದು ಉಪಾಯ ಹೇಳಿಕೊಟ್ಟಿದ್ದ. "ಟೇಪು ಸುತ್ತಿ ಸುಮ್ನೆ ಏನಾದ್ರೂ ಕೇಳು ಕಣೋ. ಮನೆ ಎಲ್ಲಿ, ಮಕ್ಕಳೆಷ್ಟು ಅಂತ. ಉತ್ತರ ಹೇಳೋಕೆ ಬಾಯಿ ಬಿಟ್ಟಾಗ ಹೊಟ್ಟೆನೂ ಬಿಡ್ತಾರೆ. ಅದು ನಿಜವಾದ ಅಳತೆ." ನರ್ಸು ಆ ಉಪಾಯ ಯಾರಿಂದಲೂ ಕಲಿತವಳಲ್ಲ, ತಾನಾಗಿ ಕೇಳಿದಳು, "ಏನು ಕೆಲಸ ಅಜ್ಜಾ ನಿಮ್ಮದು?" "ಟೈಲರು," ಅಂದ. ಹೊಟ್ಟೆ ಕೆಳಗೆ ಬಿತ್ತು. ಅವಳು ಅಳತೆ ಬರೆದುಕೊಂಡಳು.

"ಹಾಗಾದ್ರೆ ದಿನವಿಡೀ ಕೂತೇ ಇರ್ತೀರಿ," ಅಂದಳು. ರಕ್ತ ತೆಗೆದ ಬೆರಳಿಗೆ ಹತ್ತಿ ಒತ್ತಿಕೊಂಡು ಅವನು ತಲೆಯಾಡಿಸಿದ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲವಂತೆ, ಹೊಸ್ತಿಲ ಮೇಲೆ ನಿಂತಿದೆಯಂತೆ. "ಒಳಗೆ ಕರೀಬೇಡಿ ಅಜ್ಜಾ ಅದನ್ನ. ದಿನಾ ಅರ್ಧ ಗಂಟೆ ಸ್ವಲ್ಪ ಬಿರುಸಾಗಿ ನಡೀರಿ. ಕೂತಲ್ಲೇ ಕೂತಿರಬೇಡಿ, ಆಗಾಗ ಎದ್ದು ಓಡಾಡಿ. ಸೊಂಟ ಒಂದಿಷ್ಟು ಇಳೀಲಿ. ಹೀಗೆ ಮಾಡಿದ ಎಷ್ಟೋ ಜನಕ್ಕೆ ಅದು ಬರೋದೇ ತಪ್ಪಿದೆ, ಕೆಲವರಿಗೆ ಬಂದ್ರೂ ತಡವಾಗಿ ಬಂದಿದೆ." ಆಮೇಲೆ ಬರೆಯುತ್ತ ಬರೆಯುತ್ತ, "ಮನೇಲಿ ಯಾರಿಗಾದ್ರೂ ಇತ್ತಾ?" "ಅಣ್ಣನಿಗಿತ್ತು." "ಈಗ ಹೇಗಿದಾರೆ?" ಅವನು ಹತ್ತಿಯನ್ನು ಬೆರಳಿಂದ ತೆಗೆದು ನೋಡಿದ. ರಕ್ತ ನಿಂತಿತ್ತು. "ಇಲ್ಲ," ಅಂದ. ನಡೆಯೋಕೆ ಇವಳು ಹೇಳಿಕೊಡಬೇಕೆ, ಅನ್ನಿಸಿತು. ಆಮೇಲೆ, ತಾನು ಕೊನೆಯ ಸಲ ಎಲ್ಲಿಂದ ಎಲ್ಲಿಗೆ ನಡೆದದ್ದು ಎಂದು ನೆನೆಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಹೊರಗೆ ಸೊಸೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಮಗ ದೂರದೂರಿಗೆ ಬಸ್ಸು ಓಡಿಸುವವನು, ಮನೆಯಲ್ಲಿದ್ದಷ್ಟು ಹೊತ್ತು ಮಲಗಿರುವವನು. ಮಾವನ ಓಡಾಟವೆಲ್ಲ ಸೊಸೆಯದು. ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕಚೇರಿಯಲ್ಲಿ ಅವಳಿಗೆ ಕೆಲಸ. ದಾರಿಯಲ್ಲಿ ಮಾವನನ್ನು ಅಂಗಡಿಗೆ ಇಳಿಸಿ ಹೋಗುತ್ತಾಳೆ, ಸಂಜೆ ಹತ್ತಿಸಿಕೊಂಡು ಬರುತ್ತಾಳೆ. "ಏನಂದ್ರು ಮಾವ?" "ಏನಿಲ್ಲಮ್ಮ, ಬಾರ್ಡರಿನಲ್ಲಿದೆಯಂತೆ." ಅವಳ ಮುಖ ಬಾಡಿತು. "ಅಯ್ಯೋ, ಬಾರ್ಡರ್ ಅಂದ್ರೆ ಬಂದ ಹಾಗೇ. ನೋಡಿ, ಇನ್ನು ನೀವು ಯಾವ ಶ್ರಮವೂ ತಗೊಳ್ಳೋ ಹಾಗಿಲ್ಲ. ಊಟದ ಡಬ್ಬೀನೂ ನೀವು ಹೊರಬೇಡಿ, ಮಧ್ಯಾಹ್ನ ನಾನೇ ಅಂಗಡಿಗೆ ತಂದುಕೊಡ್ತೀನಿ." "ಆ ನರ್ಸು ನಡೀರಿ ಅಂದ್ಳಮ್ಮ." "ಅವರೇನು, ಎಲ್ಲರಿಗೂ ಒಂದೇ ಮಾತು ಹೇಳ್ತಾರೆ. ನಿಮ್ಮ ವಯಸ್ಸು ನೋಡಬೇಕಲ್ಲ? ಹತ್ತಿ." ಅವನು ಹತ್ತಿದ. ಹಿಂದಿನ ಸೀಟಿನಲ್ಲಿ ಕೈ ಎಲ್ಲಿಡಬೇಕೆಂದು ಅವನಿಗೆ ಈವರೆಗೂ ಗೊತ್ತಾಗಿಲ್ಲ. ಸೊಸೆಯ ಹೆಗಲು ಹಿಡಿಯುವಂತಿಲ್ಲ. ತೊಡೆಯ ಮೇಲಿಟ್ಟುಕೊಂಡರೆ ಫೋಟೋಗೆ ಕೂತ ಹಾಗೆ. ಹಿಂದಿನ ಕಬ್ಬಿಣ ಹಿಡಿದು ಶಾಲೆಗೆ ಹೊರಟ ಹುಡುಗನ ಹಾಗೆ ಕೂತ.

ರಸ್ತೆ ಅವನ ಎರಡೂ ಪಕ್ಕದಲ್ಲಿ ಹರಿದುಹೋಯಿತು. ಮೊದಲು ಈ ರಸ್ತೆ ಹರಿಯುತ್ತಿರಲಿಲ್ಲ, ನಿಂತಿರುತ್ತಿತ್ತು. ಹರಿಯುತ್ತಿದ್ದವರು ಇವರು, ಅಣ್ಣ ಮುಂದೆ, ತಮ್ಮ ಹಿಂದೆ. ಅಣ್ಣನ ಹೆಗಲ ಮೇಲೆ ಇಸ್ತ್ರಿಯಾದ ಕೋಟುಗಳು, ಇವನ ಕೈಯಲ್ಲಿ ಕಾಗದ ಸುತ್ತಿದ ಅಂಗಿಗಳು. ಹೊಲಿದ ಬಟ್ಟೆಯನ್ನು ಗಿರಾಕಿಯ ಮನೆಗೇ ಒಯ್ದು, ತೊಡಿಸಿ ನೋಡಿ ಬರುವುದು ಅಣ್ಣನ ಪದ್ಧತಿ. "ಬಟ್ಟೆ ಮೈಮೇಲೆ ಹೇಗೆ ಕೂತಿದೆ ಅಂತ ಅಂಗಡೀಲಿ ನೋಡಬಾರದು, ಮನುಷ್ಯ ಮೆಟ್ಟಿಲು ಹತ್ತುವಾಗ ಎಲ್ಲಿ ಹಿಡಿಯುತ್ತೆ ಅಂತ ನೋಡಬೇಕು." ಹಾಗಾಗಿ ಎಲ್ಲರ ಮನೆಯ ಮೆಟ್ಟಿಲೂ ಇವರ ಕಾಲಿಗೆ ಗೊತ್ತಿತ್ತು. ಯಾವುದು ಸವೆದದ್ದು, ಯಾವುದು ಒಂದು ಬೆರಳು ಎತ್ತರ, ಯಾವ ಮನೆಯ ನಾಯಿ ಎಷ್ಟನೆಯ ಮೆಟ್ಟಿಲಿನ ತನಕ ಬೊಗಳುತ್ತದೆ. ಅಣ್ಣ ನಡೆಯುತ್ತಲೇ ಮಾತಾಡುತ್ತಿದ್ದ, ನಿಂತರೆ ಅವನಿಗೆ ಮಾತು ನಿಲ್ಲುತ್ತಿತ್ತು. ಅಂಗಡಿಯ ಮುಂದೆ ಸ್ಕೂಟರ್ ಗಕ್ಕನೆ ನಿಂತಿತು. "ಹುಷಾರಾಗಿ ಇಳೀರಿ ಮಾವ." ಎದುರಿನ ಸಾಲಿನ ಅಂಗಡಿಯವರೆಲ್ಲ ಅವನು ಇಳಿಯುವುದನ್ನು ದಿನವೂ ನೋಡುತ್ತಾರೆ.

"ಬಂದ್ರಪ್ಪಾ ರಾಜರು, ಸವಾರಿ ಮಾಡ್ಕೊಂಡು," ಅಂದ ಗಡಿಯಾರದವನು. ಅವನದು ಪಕ್ಕದ ಗೂಡು. ಒಂದು ಕಣ್ಣಿಗೆ ಭೂತಗನ್ನಡಿಯ ಪುಟ್ಟ ಬಟ್ಟಲು ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ಬಗೆಯುತ್ತ ಕೂತರೆ ಸಂಜೆಗೇ ಏಳುವುದು. "ರಕ್ತ ಕೊಟ್ಟು ಬಂದೆ," ಅಂದ ಮಾಸ್ಟರು. "ಏನಂತೆ?" "ನಡೀಬೇಕಂತೆ." ಗಡಿಯಾರದವನು ನಕ್ಕ. "ನಮ್ಮಿಬ್ಬರ ಕುಂಡಿ ಸವೆದಷ್ಟು ಯಾರ ಚಪ್ಪಲೀನೂ ಸವೆದಿಲ್ಲ ಬಿಡು. ನಿಮ್ಮಣ್ಣ ಒಬ್ಬ ಇದ್ದ, ಕಾಲಿಗೆ ಚಕ್ರ ಕಟ್ಕೊಂಡೋನು." ಆ ಮಾತು ಅಲ್ಲಿಗೆ ಬಿಟ್ಟು ಮತ್ತೆ ಬಗ್ಗಿದ. ಅಣ್ಣನ ಕೊನೆಯ ವರ್ಷಗಳನ್ನು ಕಂಡವನೇ ಅವನೂ. ಆದರೂ ಅವನ ನೆನಪಿನಲ್ಲಿ ಅಣ್ಣ ನಡೆಯುತ್ತಲೇ ಇದ್ದ.

ಅಂಗಡಿ ಮಹಡಿಯ ಮೆಟ್ಟಿಲ ಕೆಳಗಿನದು, ಒಳಗೆ ಹೋದಷ್ಟೂ ತಲೆ ತಗ್ಗಿಸಬೇಕು. ಮಿಷನ್ನಿಗೆ ಹೋದ ವರ್ಷ ಸೊಸೆ ಮೋಟರು ಹಾಕಿಸಿದ್ದಳು. "ಇನ್ನೆಷ್ಟು ದಿನ ತುಳೀತೀರಿ ಮಾವ" ಎಂದು, ತಾನೇ ಮೆಕ್ಯಾನಿಕ್ಕನ್ನು ಕರೆತಂದು. ಬೆರಳು ತಾಗಿಸಿದಷ್ಟು ಒತ್ತಿದರೆ ಸಾಕು, ಗುಂಯ್ ಎಂದು ಓಡುತ್ತದೆ. ಹಳೆಯ ಚರ್ಮದ ಬೆಲ್ಟು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಪೆಡಲಿನ ಮೇಲೆ ಊಟದ ಡಬ್ಬಿ ಇಡುತ್ತಿದ್ದ. ಕೂತ. ಕೆಳಗಿನ ದಿಂಬು ಅವನು ಕೂತಲ್ಲಿ ಗುಳಿ ಬಿದ್ದಿತ್ತು. ಆ ಗುಳಿ ಅವನೊಬ್ಬನದಲ್ಲ.

ದಿಂಬನ್ನು ಹೊಲಿದದ್ದು ಅವನೇ, ಅಣ್ಣನಿಗಾಗಿ, ಕೋಟಿನ ತುಂಡುಗಳನ್ನು ಸೇರಿಸಿ. ಕೆಲಸ ಕೈತುಂಬ ಬರುತ್ತಿದ್ದ ಕಾಲ ಅದು. ಪ್ರತಿ ಬುಧವಾರ ಅಣ್ಣ ಸೇತುವೆಯಾಚೆಯ ಪೇಟೆಗೆ ಗುಂಡಿ, ದಾರ ತರಲು ನಡೆದುಹೋಗುತ್ತಿದ್ದ. ಬೆಳಿಗ್ಗೆ ಹೋದರೆ ಊಟದ ಹೊತ್ತಿಗೆ ವಾಪಸು, ಜೇಬಿನಲ್ಲಿ ಗುಂಡಿಗಳು ಗಲಗಲ ಅನ್ನುತ್ತ. ತಮ್ಮನಿಗೆ ಅದು ಸರಿ ಕಾಣಲಿಲ್ಲ. ಹಿರಿಯ ಅಲೆಯುವುದು, ಕಿರಿಯ ನೆರಳಲ್ಲಿ ಕೂರುವುದು, ಕಂಡವರು ಏನಂದಾರು? ದೊಡ್ಡವರೆಂದರೆ ಕೂತವರು, ಅವರ ಬಳಿಗೆ ಎಲ್ಲವೂ ಬರಬೇಕು. "ನೀನ್ಯಾಕೆ ಅಣ್ಣಾ ಅಲೆಯೋದು? ನಾವಿರೋದು ಯಾಕೆ ಮತ್ತೆ?" ಅಂದಿದ್ದ. ಬಟ್ಟೆ ಮನೆಗೊಯ್ಯುವುದನ್ನು ನಿಲ್ಲಿಸಿದ, ಗಿರಾಕಿಗಳೇ ಬಂದರು. ಗುಂಡಿಯನ್ನು ಪೇಟೆಯವರೇ ತಂದುಕೊಟ್ಟರು. ಅಣ್ಣನಿಗೆ ನೀರೂ ಕೂತಲ್ಲಿಗೇ. ಅಣ್ಣ ಬೇಡವೆನ್ನಲಿಲ್ಲ. ಗೌರವ ಕೊಟ್ಟಾಗ ಬೇಡವೆನ್ನುವುದು ಹೇಗೆ? ಒಂದೆರಡು ಸಲ, "ಇವತ್ತು ನಾನೇ ಹೋಗಿ ಗುಂಡಿ ತರ್ತೀನಿ ಕಣೋ," ಅಂದ. ಇವನು ನಕ್ಕು ಹೆಗಲು ಹಿಡಿದು ಕೂರಿಸಿದ. ಅಣ್ಣನ ಪ್ಯಾಂಟುಗಳನ್ನು ಹಿಂದಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟವನೂ ಇವನೇ, ಒಂದು ಸಲ, ಇನ್ನೊಂದು ಸಲ, ಒಳಗೆ ಬಿಟ್ಟ ಬಟ್ಟೆ ಮುಗಿಯುವ ತನಕ. ಮೈ ಕೈ ತುಂಬಿಕೊಂಡಿದ್ದಾನೆ ಎಂದು ಎಲ್ಲರೂ ಸಂತೋಷಪಟ್ಟರು. ಆಮೇಲೆ ಕಾಯಿಲೆ ಬಂತು. ಬಂದಿದೆ ಎಂದು ತಿಳಿಯುವಷ್ಟರಲ್ಲಿ ಅದು ಬಹಳ ದಿನದಿಂದ ಮನೆಯಲ್ಲಿಯೇ ಇತ್ತಂತೆ.

ಮಧ್ಯಾಹ್ನ ದಾಟಿದ ಮೇಲೆ ಬ್ಯಾಂಕಿನ ಕಾವಲುಗಾರ ಬಂದು ಬೆಂಚಿನ ಮೇಲೆ ಕೂತ. ಅವನ ಕಾಕಿ ಪ್ಯಾಂಟಿನ ಸೊಂಟ ಸಡಿಲಿಸುವುದಿತ್ತು. ಸಂಜೆಯ ಪಾಳಿಗೆ ಅದೇ ಬೇಕು, ಇನ್ನೊಂದು ಒಗೆದು ಒಣಗಿಲ್ಲ. "ಐದು ನಿಮಿಷ," ಎಂದು ಮಾಸ್ಟರು ಹೊಲಿಗೆ ಬಿಚ್ಚಿ, ಸೀಮೆಸುಣ್ಣದ ಗೆರೆ ಎಳೆದು, ಸೂಜಿಯ ಕೆಳಗಿಟ್ಟು ಮೋಟರು ಒತ್ತಿದ. ಗುಂಯ್ ಅಂದದ್ದು ಅರ್ಧಕ್ಕೆ ನಿಂತಿತು. ದೀಪವೂ ಹೋಯಿತು. "ಕರೆಂಟು ಹೋಯ್ತು!" ಎಂದು ಬೀದಿಯುದ್ದಕ್ಕೂ ಒಬ್ಬರಿಗೊಬ್ಬರು ಹೇಳಿಕೊಂಡರು. ಕಾವಲುಗಾರ ಕೈಗಡಿಯಾರ ನೋಡಿಕೊಂಡ. ಮತ್ತೆ ನೋಡಿಕೊಂಡ. "ಮಾಸ್ಟ್ರೇ, ನಾನು ಲುಂಗೀಲಿ ಬ್ಯಾಂಕು ಕಾಯೋಕಾಗಲ್ಲ." "ತಡ್ಕೊಳ್ರೀ, ಕಾಲಿಲ್ವಾ ನಂಗೆ?" ಅಂದ ಇವನು. ಅಂದ ಮೇಲೆ ಆ ಮಾತು ಎಲ್ಲೋ ಚುಚ್ಚಿತು.

ಮೊಳೆಯಿಂದ ಬೆಲ್ಟು ತೆಗೆದ. ಒಣಗಿ ಸೆಟೆದಿತ್ತು, ಎಣ್ಣೆ ಸವರಿದ. ಮೋಟರು ಬಿಚ್ಚಿಟ್ಟು ಇದನ್ನು ಮೇಲಿನ ಚಕ್ರಕ್ಕೂ ಕೆಳಗಿನ ಚಕ್ರಕ್ಕೂ ಹಾಕಿ ತಂತಿಯ ಕೊಂಡಿ ಬಿಗಿದ. ಡಬ್ಬಿ ಎತ್ತಿಟ್ಟು ಪೆಡಲಿನ ಮೇಲೆ ಕಾಲಿಟ್ಟ. ತುಳಿದ. ಚಕ್ರ ಹಿಂದಕ್ಕೆ ತಿರುಗಿತು. ದಾರ ಬಟ್ಟೆಯ ಕೆಳಗೆ ಗಂಟುಗಂಟಾಗಿ ಟಪ್ಪನೆ ಕಿತ್ತುಬಂತು. ಹೊಸದಾಗಿ ಕೂತವನು ಮಾಡುವ ತಪ್ಪು. ದಾರ ಪೋಣಿಸಿ ಮತ್ತೆ ತುಳಿದ. ಎರಡು ಹೊಲಿಗೆ ಮುಂದೆ, ಮತ್ತೆ ಹಿಂದೆ, ಟಪ್. "ಏನ್ ಮಾಸ್ಟ್ರೇ, ಹೊಸದಾಗಿ ಕಲೀತಿದೀರಾ?" ಅಂದ ಕಾವಲುಗಾರ. ತಮಾಷೆಗೇ ಅಂದದ್ದು, ಆದರೂ ಮಾಸ್ಟರ ಬೆನ್ನು ಬೆವರಿತು. ಕೆಳಗೆ ಬಗ್ಗಿ ತನ್ನ ಪಾದ ನೋಡಿದ. ಬೇರೆ ಯಾರದೋ ಪಾದ ಅಲ್ಲಿಟ್ಟ ಹಾಗಿತ್ತು, ಕೊಬ್ಬಿದ್ದು, ಬಿಳಿಚಿಕೊಂಡದ್ದು. ಇದೇನು, ಒಂದು ವರ್ಷಕ್ಕೆ ಕಾಲು ಮರೆತೇ ಹೋಯಿತೆ? ಅಣ್ಣನ ಪಾದವೂ ಹೀಗೆಯೇ ಇತ್ತು, ಅತ್ತಿಗೆ ಸಂಜೆ ಕಾಲು ತೊಳೆಯಲು ನೀರು ತಂದಾಗ, ಅಂಗಾಲಿನಲ್ಲಿ ತುದಿಯ ಗುಂಡಿನ ತನಕ ಇಳಿದಿದ್ದ ಗುಂಡುಸೂಜಿ ಕಂಡು ಅವಳು ಚೀರಿದಾಗ. ಬೆಳಿಗ್ಗೆಯಿಂದ ಅದು ಅಲ್ಲೇ ಇತ್ತು. "ಗೊತ್ತೇ ಆಗಲಿಲ್ವಲ್ಲೇ," ಅಂದಿದ್ದ ಅಣ್ಣ, ನೋವಿಗಿಂತ ನಾಚಿಕೆಯಿಂದ. ಆ ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ.

ಕಾವಲುಗಾರನನ್ನು ನೋಡದೆ ಅವನು ಸೂಜಿಯಿಂದ ದಾರ ಬಿಚ್ಚಿಬಿಟ್ಟ. ಪ್ಯಾಂಟನ್ನು ಪಕ್ಕಕ್ಕಿಟ್ಟು ಹಳೆಯ ಪೇಪರಿನ ಹಾಳೆಯೊಂದನ್ನು ಸೂಜಿಯ ಕೆಳಗೆ ಹಾಕಿದ. "ಇದೇನ್ರೀ, ಪೇಪರಿಗೆ ಹೊಲಿಗೆ ಹಾಕ್ತೀರಿ?" "ಸುಮ್ನೆ ಕೂತ್ಕೊಳ್ರೀ." ಹೀಗೇ ಕಲಿತದ್ದು. ಅಣ್ಣ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಡುತ್ತಿದ್ದ, ದಾರ ಕೊಡುತ್ತಿರಲಿಲ್ಲ. "ಖಾಲಿ ತುಳಿ. ಕಾಲು ಮೊದ್ಲು ಕಲೀಲಿ, ಕೈ ಹೇಗಿದ್ರೂ ಕಲಿಯುತ್ತೆ. ಬಲಗೈಲಿ ಚಕ್ರಕ್ಕೆ ನಿನ್ನ ಕಡೆಗೊಂದು ಏಟು, ಆಮೇಲೆ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ನಡೆದ ಹಾಗೆ ಕಣೋ. ಕೂತು ನಡೆಯೋದು ಅಷ್ಟೇ." ಗೆರೆಯ ಮೇಲೆ ತೂತುಗಳ ಸಾಲು ಬೀಳುತ್ತಿತ್ತು, ಅಣ್ಣ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ನಿನ್ನ ದಾರಿ ಕುಡುಕನದು" ಎಂದು ನಗುತ್ತಿದ್ದ. ಈಗ ಬಲಗೈ ಚಕ್ರಕ್ಕೊಂದು ಏಟು ಕೊಟ್ಟಿತು. ಹಿಮ್ಮಡಿ, ಬೆರಳು. ಚಕ್ರ ತಡವರಿಸಿತು, ಹಿಂದಕ್ಕೆ ಹೋಗಲೆ ಅಂತು, ಹೋಗಲಿಲ್ಲ. ಹಿಮ್ಮಡಿ, ಬೆರಳು. ಮೊಣಕಾಲ ಒಳಗೆ ಏನೋ ಬಿಗಿದದ್ದು ಬಿಚ್ಚಿತು. ಟಕ ಟಕ ಟಕ ಟಕ ಎಂಬ ಸದ್ದು ಮೆಟ್ಟಿಲ ಕೆಳಗಿನ ಗೂಡನ್ನು ತುಂಬಿ ಹೊರಗೆ ಹೋಯಿತು. ತೊಡೆ ಉರಿಯಿತು, ಬೆವರು ಮೂಗಿನ ತುದಿಗೆ ಬಂತು. ಅವನು ನಿಲ್ಲಿಸಲಿಲ್ಲ. ಬಾಗಿಲಲ್ಲಿ ನೆರಳಾಯಿತು, ಸಂಜೆಯ ತನಕ ಏಳದ ಗಡಿಯಾರದವನು ಎದ್ದು ಬಂದು ನಿಂತಿದ್ದ, ಕಣ್ಣಿನ ಬಟ್ಟಲನ್ನು ತೆಗೆಯದೆ. "ಥೂ," ಅಂದ, "ಆ ಸದ್ದು ಕೇಳಿ ನಿಮ್ಮಣ್ಣ ಬಂದ ಅಂದ್ಕೊಂಡೆನಲ್ಲೋ." ಮಾಸ್ಟರು ದಾರ ಪೋಣಿಸಿ ಪ್ಯಾಂಟು ಹೊಲಿದು ಮುಗಿಸಿದ. ನಡುವೆ ಯಾವಾಗಲೋ ಕರೆಂಟು ಬಂದಿತ್ತು, ದೀಪ ಹತ್ತಿತ್ತು. ಅದನ್ನು ಕಾವಲುಗಾರ ಹೇಳಿದ ಮೇಲೆ ನೋಡಿದ.

ಪ್ಯಾಂಟು ಕೊಡುವಾಗ ಒಂದು ಮಾತು ಬಾಯಿಗೆ ಬಂತು. ಇಷ್ಟು ವರ್ಷ ಯಾರಿಗೂ ಹೇಳದ್ದು. ಗಿರಾಕಿಯ ಸೊಂಟದ ಮಾತು ಟೈಲರ ಹೊಟ್ಟೆಯಲ್ಲಿರಬೇಕು ಎಂದು ಅಣ್ಣನೇ ಕಲಿಸಿದ್ದು. "ನೋಡಪ್ಪಾ, ಇನ್ನು ಒಳಗೆ ಬಟ್ಟೆ ಉಳಿದಿಲ್ಲ. ಮುಂದಿನ ಸಲ ಬಿಚ್ಚೋಕೆ ಏನೂ ಇಲ್ಲ." ಕಾವಲುಗಾರ ನಕ್ಕ. "ಕೂತು ಕೂತು ಹೀಗಾಗಿದೆ ಮಾಸ್ಟ್ರೇ. ಕುರ್ಚಿ ಕಾಯ್ತಿದೀನೋ ಬ್ಯಾಂಕು ಕಾಯ್ತಿದೀನೋ." "ಬಾಗಿಲ ಮುಂದೆ ಒಂದಷ್ಟು ಅಡ್ಡಾಡಪ್ಪ. ಕಳ್ಳನಿಗೂ ಭಯ, ಕಾಯಿಲೆಗೂ ಭಯ." ಅಷ್ಟು ಹೇಳಿದ್ದಕ್ಕೇ ಮಾಸ್ಟರಿಗೆ ಉಪದೇಶ ಮಾಡಿದ ಹಾಗಾಗಿ ನಾಚಿಕೆಯಾಯಿತು. ಕಸ ಗುಡಿಸಲು ಬಗ್ಗಿದ. ಆಮೇಲೆ ನೆಲದಲ್ಲಿ ಗುಂಡುಸೂಜಿಗಳಿವೆಯೇ ಎಂದು ಮೂಲೆ ಮೂಲೆಯಲ್ಲೂ ಹುಡುಕಿದ.

ಅಣ್ಣನ ಪಾದ ಇನ್ನೂ ಇದ್ದಾಗಿನ ಒಂದು ಬುಧವಾರ. ಇವನು ಬಟ್ಟೆ ಕತ್ತರಿಸುತ್ತಿದ್ದವನು ತಲೆ ಎತ್ತಿ ನೋಡಿದರೆ ದಿಂಬು ಖಾಲಿ. ನೀರು ಕುಡಿಯಲು ಹೋಗಿರಬೇಕು ಅಂದುಕೊಂಡ. ಬರಲಿಲ್ಲ. ಗಾಬರಿಯಿಂದ ಬೀದಿಗಿಳಿದ. ಬಾಡಿಗೆ ಗಾಡಿ ಹಿಡಿದು ಸೇತುವೆಯ ತನಕ ಹೋದರೆ ಅಣ್ಣ ಈ ಕಡೆಗೆ ಬರುತ್ತಿದ್ದ. ಮೆಲ್ಲಗೆ, ಸೇತುವೆಯ ಕಂಬಿಯ ಮೇಲೆ ಒಂದು ಕೈಯಿಟ್ಟುಕೊಂಡು, ಮುಖವೆಲ್ಲ ಬೆವರು. ಆ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಒಂದು ಬೆಳಕಿತ್ತು, ಶಾಲೆ ತಪ್ಪಿಸಿಕೊಂಡ ಹುಡುಗನದು. ಇವನನ್ನು ಕಂಡದ್ದೇ ಅದು ಆರಿತು. "ಮರ್ಯಾದೆ ತೆಗೀತೀಯಲ್ಲ ಅಣ್ಣಾ, ಹತ್ತು," ಅಂದಿದ್ದ ಇವನು. ಅಣ್ಣ ಹತ್ತಿದ. ದಾರಿಯುದ್ದಕ್ಕೂ ಗಾಡಿ ಕುಲುಕಿದಾಗೆಲ್ಲ ಅವನ ಜೇಬಿನಲ್ಲಿ ಗುಂಡಿಗಳು ಗಲಗಲ ಅಂದವು. ಮತ್ತೆ ಅವನು ಹೋಗಲಿಲ್ಲ.

ಸಂಜೆ ಸ್ಕೂಟರ್ ಬಂದು ನಿಂತಿತು. ಸೊಸೆ ಬೆಲ್ಟು ನೋಡಿದಳು, ಬಿಚ್ಚಿಟ್ಟ ಮೋಟರು ನೋಡಿದಳು. "ಕೆಟ್ಟುಹೋಯ್ತಾ ಮಾವ?" "ಇಲ್ಲಮ್ಮ, ಚೆನ್ನಾಗಿದೆ. ನಾನೇ ತೆಗೆದೆ." "ಯಾಕೆ?" ಅವನು ಬಾಗಿಲು ಎಳೆದು ಬೀಗ ಹಾಕಿದ. "ನೀನು ನಡಿ. ನಾನು ಹಿಂದೆ ನಡ್ಕೊಂಡು ಬರ್ತೀನಿ." "ಇಷ್ಟು ದೂರ?" "ಮೊದ್ಲೂ ಇಷ್ಟೇ ದೂರ ಇತ್ತು." ಅವಳಿಗೆ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. "ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಬಾಯಿ ಬಿಟ್ಟು ಹೇಳಿ. ಹೀಗೆ ಬೀದೀಲಿ ನಡೆದ್ರೆ ಜನ ಏನಂತಾರೆ? ಸೊಸೆ ಸ್ಕೂಟರಲ್ಲಿ, ಮಾವ ಮಣ್ಣಲ್ಲಿ ಅಂತಾರೆ. ನಾವಿರೋದು ಯಾಕೆ ಮತ್ತೆ?"

ಅವನು ಬೀಗದ ಮೇಲೆ ಕೈಯಿಟ್ಟು ಹಾಗೇ ನಿಂತ. ಅದೇ ಮಾತು. ಅಕ್ಷರಕ್ಕೆ ಅಕ್ಷರ ಅದೇ, ಅಷ್ಟೇ ಪ್ರೀತಿ ಅದರಲ್ಲಿ. ಆಗ ತಾನು ಹೇಳಿದಾಗ ಅಣ್ಣನಿಗೆ ಹೇಗೆ ಕೇಳಿಸಿತ್ತು ಎಂಬುದು ಇಷ್ಟು ವರ್ಷಕ್ಕೆ ತಿಳಿಯಿತು. ಬೇಡವೆನ್ನಲು ಬಾಯಿ ಬರುವುದಿಲ್ಲ. ಹತ್ತಿ ಕೂತುಬಿಟ್ಟರೆ ಎಲ್ಲರಿಗೂ ನೆಮ್ಮದಿ. ಹಾಗೆ ಹತ್ತಿದವನ ಪಾದವನ್ನು ಆಸ್ಪತ್ರೆಯ ಹಿಂಬಾಗಿಲಲ್ಲಿ ಬಟ್ಟೆ ಸುತ್ತಿ ತನ್ನ ಕೈಗೇ ಕೊಟ್ಟಿದ್ದರು. ಒಯ್ದು ಮಣ್ಣು ಮಾಡಿ ಎಂದು.

"ತಪ್ಪು ನಿಂದಲ್ಲಮ್ಮ," ಅಂದ ಮೆಲ್ಲಗೆ. "ನೀವಿದೀರಿ ಅಂತಲೇ ನಡೀಬೇಕು. ಈಗ ನಾನು ಕೂತೆ ಅಂದ್ರೆ ಆಮೇಲೆ ಹೊತ್ಕೊಂಡು ತಿರುಗೋರು ನೀವೇ. ನಮ್ಮಣ್ಣನ್ನ ಹಾಗೆ ಕೂರಿಸಿ ಕೂರಿಸಿ ಕಳ್ಕೊಂಡೆ." "ಮತ್ತೆ ಜನ?" "ಊರವರ ಸೊಂಟದ ಅಳತೆಯೆಲ್ಲ ನನ್ನ ಹತ್ರ ಇದೆ. ಅನ್ನಲಿ ನೋಡೋಣ ಯಾರಂತಾರೆ." ಗಡಿಯಾರದವನು ತನ್ನ ಗೂಡಿನೊಳಗಿಂದ ಕಿಸಕ್ಕನೆ ನಕ್ಕ. ಅವಳು ನಗಲಿಲ್ಲ. ಸ್ಕೂಟರ್ ಶುರು ಮಾಡಿದಳು, ಆರಿಸಿದಳು. ಬಿಟ್ಟು ಹೋಗಲೂ ಆಗದೆ, ಹತ್ತಿಸಿಕೊಳ್ಳಲೂ ಆಗದೆ, ಕೊನೆಗೆ ಇಳಿದು ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಅವನ ಪಕ್ಕ ನಡೆಯತೊಡಗಿದಳು, ಮುಖ ಊದಿಸಿಕೊಂಡು. ಎದುರಿನ ಅಂಗಡಿಯವನೊಬ್ಬ, "ಪೆಟ್ರೋಲ್ ಮುಗೀತೇನಮ್ಮ?" ಎಂದು ಕೂಗಿದ. "ಹೂಂ!" ಅಂದಳು ಸಿಟ್ಟಿನಿಂದ.

ಅರ್ಧ ದಾರಿಯಲ್ಲಿ ಏರು ಬಂತು. ಅವಳು ನಿಂತಳು. ಸ್ಕೂಟರನ್ನು ಸೊಂಟಕ್ಕೆ ಒರಗಿಸಿಕೊಂಡು ಏದುಸಿರು ಬಿಡುತ್ತಿದ್ದಳು. "ಮಾವ, ನನಗೇ ಆಗ್ತಿಲ್ವಲ್ಲ," ಅಂದಳು, ಹೆದರಿದ ಹಾಗೆ. ಅವನಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಅವಳ ಮುಖ ನೋಡಿದ. ಇನ್ನೂ ಎಳೆಯದು, ಎಲ್ಲರನ್ನೂ ಕೂರಿಸಿ ತಾನೂ ಕೂತೇ ದಣಿದದ್ದು. "ದಿನಾ ಬಂದ್ರೆ ಆಗುತ್ತೆ," ಅಂದು ಸ್ಕೂಟರಿನ ಹಿಂದಿನ ಕಬ್ಬಿಣಕ್ಕೆ ಕೈ ಕೊಟ್ಟು ತಳ್ಳಿದ. ದಿನವೂ ಹಿಡಿದು ಕೂರುತ್ತಿದ್ದ ಕಬ್ಬಿಣ. ಇಬ್ಬರೂ ಸೇರಿ ಅದನ್ನು ಏರಿಸಿದರು. ಮೇಲೆ ಹೋದ ಮೇಲೆ ಅವಳಿಗೆ ಸುಮ್ಮನೆ ನಗು ಬಂತು. ನಗು ತಡೆದುಕೊಂಡು ಕೇಳಿದಳು, "ದೊಡ್ಡ ಮಾವನೋರು ಬಹಳ ನಡೀತಿದ್ರಾ?" ಅವನು ಹೇಳತೊಡಗಿದ. ನಡೆಯುವಾಗ ತನಗೂ ಮಾತು ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮರುದಿನದಿಂದ ಎಲ್ಲ ಸರಿಹೋಯಿತು ಎಂದೇನಿಲ್ಲ. ಬೆಳಿಗ್ಗೆ ಹೊತ್ತಾಗುತ್ತದೆಂದು ಅವಳು ಸ್ಕೂಟರಿನಲ್ಲೇ ಹೋದಳು, ಅವನು ಮೊದಲೇ ಹೊರಟು ನಡೆದ. ಒಂದೆರಡು ದಿನ ಅವಳು ಸರಿಯಾಗಿ ಮಾತಾಡಲಿಲ್ಲ, ಒಂದು ಸಂಜೆ ಅವನೇ ಸೋತು ಹತ್ತಿ ಕೂತ. ಮೊಣಕಾಲು ನೋಯುತ್ತಿತ್ತು. ಹೊಸ್ತಿಲ ಮೇಲೆ ನಿಂತದ್ದು ಹಿಂದಕ್ಕೆ ಹೋಗುವುದೋ ಇಲ್ಲವೋ ಹೇಳುವವರು ಯಾರು? ಮತ್ತೆ ರಕ್ತ ಕೊಟ್ಟಾಗ ತಿಳಿಯಬೇಕು. ಮೋಟರನ್ನು ಸೊಸೆ ತಾನೇ ಚೀಲಕ್ಕೆ ಹಾಕಿ ಮನೆಗೆ ಒಯ್ದಿಟ್ಟಳು, ಬೇಕೆಂದಾಗ ಕೇಳಿ ಎಂದು.

ಆಮೇಲೊಂದು ದಿನ ಶಾಲೆಯ ಅಂಗಿಗಳಿಗೆ ಕಾಜಾ ಹಾಕಿ ಮುಗಿದಿತ್ತು, ಗುಂಡಿ ಇರಲಿಲ್ಲ. ಫೋನು ಮಾಡಿದರೆ ಪೇಟೆಯವರು ಬಾಗಿಲಿಗೇ ತಂದುಕೊಡುತ್ತಾರೆ. ಅವನು ಫೋನು ಕೈಗೆತ್ತಿಕೊಂಡು, ಮತ್ತೆ ಇಟ್ಟ. ಎದ್ದು ದಿಂಬನ್ನು ಕೊಡವಿ, ಬಿಸಿಲಿಗೆ ಹೊರಗಿನ ಬೆಂಚಿನ ಮೇಲಿಟ್ಟ. ಗಡಿಯಾರದವನು ಕಣ್ಣೆತ್ತಿದ. "ಎಲ್ಲಿಗೋ?" "ಅಂಗಡಿ ಕಡೆ ಒಂದು ಕಣ್ಣಿಟ್ಟಿರು. ಸೊಸೆ ಬಂದ್ರೆ ಹೇಳು." "ಏನಂತ?" "ಗುಂಡಿ ತರೋಕೆ ಹೋಗಿದಾರೆ ಅಂತ." ಗಡಿಯಾರದವನು ಕಣ್ಣಿನ ಬಟ್ಟಲನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ.

ಅವನು ಸೇತುವೆಯ ಕಡೆಗೆ ಹೋದ. ಅಂದು ಬುಧವಾರ. ಈ ಸಲ ಕರೆದುಕೊಂಡು ಬರಲು ಬೆನ್ನ ಹಿಂದೆ ಯಾರೂ ಹೋಗಲಿಲ್ಲ.